ಸೀಸದಕಡ್ಡಿಯ ತೊಟ್ಟಿಲು

೨೦ ಜನವರಿ ೨೦೦೨, ಭಾನುವಾರ

ಮೋಹನ ಈ ಡೈರಿ ಕೊಟ್ಟು ಹೋದ. ರಟ್ಟಿನ ಮೇಲೆ ನಮ್ಮ ಜನದ ಸಂಘದ ಹೆಸರು ಚಿನ್ನದ ಬಣ್ಣದಲ್ಲಿ ಅಚ್ಚಾಗಿದೆ. "ಬರೀರಿ ಅತ್ತೆ, ನಿಮ್ಮ ಅಕ್ಷರ ಮುತ್ತು ಪೋಣಿಸ್ದಂಗೈತೆ" ಎಂದ. ಮಲ್ಲಿಪಟ್ಟಣದ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿ ಒಲೆ ಮುಂದೆ ಕೂತವಳಿಗೆ ಐವತ್ತನೇ ವಯಸ್ಸಿನಲ್ಲಿ ಡೈರಿ. ನಮ್ಮ ಯಜಮಾನರು ನೋಡಿ ನಕ್ಕರು. "ಏನ್ ಬರೀತೀಯೆ, ದಿನಾ ಉಪ್ಪು ಎಷ್ಟು ಆಕ್ದೆ ಅಂತ್ಲಾ?" ಎಂದರು. ನಗಲಿ.

ಬರೆಯುವುದು ಸೀಸದಕಡ್ಡಿಯಲ್ಲೇ. ನನ್ನದು ಹದಿನೆಂಟು ವರ್ಷದ ಪದ್ಧತಿ. ಊರಿಗೆ ಬೇಕಾದ್ದು ಪೆನ್ನಿನಲ್ಲಿ, ನನಗೂ ನಮ್ಮ ಮನೆದೇವರು ರಂಗನಾಥಸ್ವಾಮಿಗೂ ಮಾತ್ರ ಗೊತ್ತಿರಬೇಕಾದ್ದು ಸೀಸದಕಡ್ಡಿಯಲ್ಲಿ.

ಮೋಹನ ಬಂದದ್ದು ನನ್ನ ಗಂಡು-ಹೆಣ್ಣಿನ ಪುಸ್ತಕಗಳಿಗಾಗಿ. ನಾಲ್ಕು ಉದ್ದದ ನೋಟು ಪುಸ್ತಕ, ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಿದ್ದೆ. ಅರಕಲಗೂಡು ಸೀಮೆಯ ನಮ್ಮ ಜನದ ಮನೆಗಳಲ್ಲಿ ಮದುವೆಗೆ ಬಂದ ಹುಡುಗ ಹುಡುಗಿಯರೆಲ್ಲ ಅದರಲ್ಲಿದ್ದಾರೆ. ಹೆಸರು, ಹುಟ್ಟಿದ ನಕ್ಷತ್ರ, ಓದು, ಮನೆದೇವರು, ಬೆಡಗು. ಒಂದೇ ಬೆಡಗಿನವರು ಅಣ್ಣ ತಂಗಿ ಇದ್ದ ಹಾಗೆ, ಕೊಟ್ಟು ತರುವಂತಿಲ್ಲ. ಅದಕ್ಕೇ ಮೊದಲು ಬೆಡಗು ಕೇಳುವುದು. ಕೂಡಿಸಿದ ಮದುವೆ ಇನ್ನೂರರ ಹತ್ತಿರ. ಎಲೆ ಅಡಿಕೆ, ಒಂದು ಕುಬುಸದ ಕಣ ಬಿಟ್ಟು ಇನ್ನೇನೂ ಮುಟ್ಟಿದವಳಲ್ಲ.

ಸಂಘದವರು ಈಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುತ್ತಾರಂತೆ. ಹಾಸನದಲ್ಲಿ ಒಂದು ದೊಡ್ಡದು, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಲ್ಲಿ ಒಂದೊಂದು ಚಿಕ್ಕದು. ಚಿಕ್ಕವು ಟೆಲಿಫೋನಿನ ತಂತಿ ಹಿಡಿದು ದೊಡ್ಡದನ್ನು ಕೇಳುವುವಂತೆ. ಮೋಹನನೇ ಕಾರ್ಯದರ್ಶಿ. ನನ್ನ ಅಣ್ಣನ ಮಗ. ತಾಯಿ ಹೋದಾಗ ಆರು ವರ್ಷದವನು, ಸೆರಗು ಹಿಡಿದುಕೊಂಡು ಈ ಮನೆಗೆ ಬಂದ. ನನಗೆ ಮಕ್ಕಳಾಗಲಿಲ್ಲ ಎಂಬುದು ಅವನ ಮುಖ ನೋಡಿದರೆ ನೆನಪಾಗುವುದಿಲ್ಲ.

ರೊಟ್ಟಿ ತಿನ್ನುತ್ತ ಪುಸ್ತಕ ತಿರುವಿ ಹಾಕಿದ. "ಇದೇನತ್ತೆ ಅಂಚಲ್ಲಿ ಪೆನ್ಸಿಲ್ಲಲ್ಲಿ ರಂಗೋಲಿ?" ಎಂದ.

"ಅದು ನಂಗೆ ಕಣಪ್ಪ. ಅದ್ನ ಬರೀಬ್ಯಾಡಿ."

"ಬರಿಯಾಕಿಲ್ಲ. ಏನು ಅಂತ ಏಳಿ, ನಿಮ್ಮ ಇದ್ಯೆ ನಮಗೂ ತಿಳೀಲಿ."

ಹೇಳಿದೆ. ಚುಕ್ಕೆ ಇಟ್ಟಿದ್ದರೆ ಮೂರ್ಛೆ ಬರುತ್ತದೆ. ಅರ್ಧಚಂದ್ರ ಇದ್ದರೆ ಮನೆಯಲ್ಲಿ ತೊನ್ನು ಇದೆ. ಎರಡು ಗೆರೆ, ವೀಳ್ಯದಲ್ಲಿ ನಿಶ್ಚಯವಾಗಿ ಮುರಿದದ್ದು. ಅವನಿಗೆ ಬೆರಗು. "ಏನ್ ತಲೆ ಅತ್ತೆ ನಿಮ್ದು, ಕಂಪ್ಯೂಟರ್‌ನೋರು ಕಲೀಬೇಕು ನಿಮ್ಮತ್ರ" ಎಂದ. ಇನ್ನೊಂದು ರೊಟ್ಟಿ ಹಾಕಿದೆ. ನಾಲ್ಕನೇ ಪುಸ್ತಕದಲ್ಲಿ ಒಂದೇ ಒಂದು ಕಡೆ ತೊಟ್ಟಿಲಿದೆ. ಅದೇನು ಎಂದ. ಅದು ಬೇಡ ಎಂದೆ. "ನಾನೇನ್ ಹೊರಗಿನೋನಾ ಅತ್ತೆ?" ಎಂದ, ಚಿಕ್ಕವನಾಗಿದ್ದಾಗ ಬೆಲ್ಲಕ್ಕೆ ಕೇಳುತ್ತಿದ್ದ ಹಾಗೆ.

ಅವನು ಕೇಳಿದ. ನಾನು ಹೇಳಿದೆ.

ತುಪ್ಪದ ಡಬ್ಬಿ ಕೊಟ್ಟು ಕಳಿಸಿದೆ. ಅವನ ಹೆಂಡತಿಗೆ ನಮ್ಮ ಎಮ್ಮೆ ತುಪ್ಪವೇ ಆಗಬೇಕು.

೧೭ ಫೆಬ್ರವರಿ, ಭಾನುವಾರ

ಇವತ್ತು ಅರಕಲಗೂಡಿನಲ್ಲಿ ಕಂಪ್ಯೂಟರಿನ ಪೂಜೆ. ಸಂಘದ ಕೋಣೆಗೆ ಹೊಸ ಸುಣ್ಣ ಹೊಡೆಸಿದ್ದಾರೆ. ನನ್ನ ಕೈಯಲ್ಲೇ ಆರತಿ ಎತ್ತಿಸಿದರು, ಶಾಲು ಹೊದಿಸಿದರು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಅಲ್ಲಿ ಕೂತು ಕೆಲಸ ಮಾಡುವವಳು ನಮ್ಮ ಅನುಶ್ರೀ, ಲಕ್ಕಮ್ಮನ ಮಗಳು. ಲಕ್ಕಿ ನನ್ನ ಜೊತೆ ಒಂದೇ ಮಣೆಯ ಮೇಲೆ ಕೂತು ಓದಿದವಳು, ಈಗಲೂ ನಮ್ಮ ಬೀದಿಯಲ್ಲೇ ಮನೆ. ಅನುಶ್ರೀ ಕಂಪ್ಯೂಟರ್ ಕಲಿತಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನನ್ನ ಮೊದಲ ಮೂರು ಪುಸ್ತಕವನ್ನು ಅವಳೇ ಟೈಪು ಮಾಡಿದಳಂತೆ. ನಾಲ್ಕನೆಯದನ್ನು ಹಾಸನದಲ್ಲೇ ಮಾಡಿಸಿದ್ದಾರೆ.

ಗುಂಡಿ ಒತ್ತಿದರೆ ಪೆಟ್ಟಿಗೆ ಕಿರ್ರೆಂದು ಕೂಗಿತು, ಸೇದುವ ಬಾವಿಯ ರಾಟೆಗೆ ಎಣ್ಣೆ ಆರಿದ ಹಾಗೆ. "ಹಾಸನ ಕೂಗ್ತಾ ಐತೆ ದೊಡ್ಡವ್ವ" ಎಂದಳು. ಆಮೇಲೆ ಹೆಸರುಗಳು ಬಂದವು.

"ಇಷ್ಟು ಜನ ಈ ಪೆಟ್ಗೆ ಒಳಗೆ ಎಂಗವ್ರೆ?" ಎಂದೆ.

"ಇದ್ರೊಳಗೆ ಯಾರೂ ಇಲ್ಲ. ಎಲ್ಲಾ ಹಾಸನದಲ್ಲವ್ರೆ. ಇದು ಬರಿ ಕಿಟಕಿ ಕಣ್ ದೊಡ್ಡವ್ವ. ಇಲ್ಲಿಂದ ಬಗ್ಗಿ ನೋಡಾದು."

ಒಂದೊಂದು ಹೆಸರಿನ ಎದುರೂ ಮನೆಯ ಹಾಗೆ ಖಾನೆಗಳು. ಕೊನೆಗೆ 'ಷರಾ' ಎಂದು ಒಂದು. ಅದೇನೆಂದು ಕೇಳಿದ್ದಕ್ಕೆ, ಹೆಚ್ಚಿನ ವಿಷಯ ಏನಾದರೂ ಇದ್ದರೆ ಬರೆಯುವ ಜಾಗ, ಸಂಘದ ಪದಾಧಿಕಾರಿಗಳು ಕೀಲಿಪದ ಹಾಕಿದರೆ ಮಾತ್ರ ಕಾಣುವುದು, ಎಂದು ಮೋಹನ ಹೇಳಿದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಮಾಹಿತಿ ನೀಡಿದವರು: ಪುಟ್ಟತಾಯಮ್ಮ, ಮಲ್ಲಿಪಟ್ಟಣ. ಒಂದಲ್ಲ ಎರಡಲ್ಲ, ನನ್ನ ಪುಸ್ತಕದ ಪ್ರತಿ ಹೆಸರಿನ ಕೆಳಗೂ. ಚನ್ನರಾಯಪಟ್ಟಣದಲ್ಲಿ ಕೂತವರಿಗೂ ನನ್ನ ಹೆಸರು ಕಾಣುತ್ತದಂತೆ. ನಮ್ಮಪ್ಪ ಇದ್ದಿದ್ದರೆ!

ಮನೆಗೆ ಬಂದು ಸ್ವಾಮಿಗೆ ಒಂದು ಕಾಯಿ ಒಡೆದೆ.

೬ ಮಾರ್ಚ್, ಬುಧವಾರ

ಅನುಶ್ರೀಗೆ ಒಳ್ಳೆಯ ಗಂಡು ಸಿಕ್ಕಿದೆ. ಹೊಳೆನರಸೀಪುರದ ಗಂಗಾಧರಯ್ಯನವರ ಮಗ ರಂಗಸ್ವಾಮಿ, ಹೈಸ್ಕೂಲು ಮೇಷ್ಟರು. ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಈ ಸಂಬಂಧ ನಾನೇ ತಂದದ್ದು, ಕಂಪ್ಯೂಟರ್ ಅಲ್ಲ.

ಲಕ್ಕಿ ಹಿತ್ತಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳಿಗೂ ನನಗೂ ಒಂದೇ ನೆನಪು. ಲಕ್ಕಿಗೆ ಮದುವೆಯಾಗಿ ಹತ್ತು ವರ್ಷ ಮಡಿಲು ತುಂಬಲಿಲ್ಲ. ಗುಡ್ಡದ ಕಡೆಯ ಒಂದು ಕಾಫಿ ತೋಟದಲ್ಲಿ ಕೂಲಿಯ ಹೆಂಗಸು ಹೆತ್ತು ಕಣ್ಣು ಮುಚ್ಚಿದಳೆಂದು ಸುದ್ದಿ ಬಂತು. ಆರು ತಿಂಗಳು ತೌರಿನಲ್ಲಿದ್ದು, ಹೆರಿಗೆ ಅಲ್ಲೇ ಆಯಿತೆಂದು ಊರಿಗೆ ಹೇಳಿ, ಲಕ್ಕಿ ಕೂಸು ಎತ್ತಿಕೊಂಡು ಬಂದಳು. ಎತ್ತಿಕೊಂಡು ಬಂದವಳು ಅವಳಾದರೂ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡಿದ್ದವಳು ನಾನು. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಸ್ವಾಮಿಯ ಗುಡಿಯಲ್ಲಿ ಕರ್ಪೂರ ಹಚ್ಚಿ ಆರಿಸಿದೆ. ಆ ಮಗುವಿಗೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಕಾಪಾಡಿದ್ದೇನೆ. ಅದಕ್ಕೇ ಆ ತೊಟ್ಟಿಲು. ಬೆಡಗಿನ ಖಾನೆಯಲ್ಲಿ ಲಕ್ಕಿಯ ಗಂಡನ ಬೆಡಗನ್ನೇ ಪೆನ್ನಿನಲ್ಲಿ ಬರೆದೆ, ಸ್ವಾಮಿಗೆ ಸುಳ್ಳು ಹೇಳಬಾರದೆಂದು ಅಂಚಿನಲ್ಲಿ ತೊಟ್ಟಿಲು ಹಾಕಿದೆ.

ಹುಡುಗಿ ಯಾಕೋ ಸೊರಗಿದ್ದಾಳೆ. ಮದುವೆ ಮಾತು ಬಂದರೆ ಹೆಣ್ಣುಮಕ್ಕಳು ಹಾಗೇ.

೨೪ ಮಾರ್ಚ್, ಭಾನುವಾರ

ಒಪ್ಪಿದರು! ಗಂಗಾಧರಯ್ಯನವರು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಹುಡುಗ, ಹುಡುಗಿ ಜಗಲಿಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು, ಈಗಿನ ಕಾಲ. ಅಕ್ಷಯ ತದಿಗೆಗೆ ವೀಳ್ಯ, ಆಷಾಢಕ್ಕೆ ಮುಂಚೆ ಮದುವೆ. ಸ್ವಾಮಿ ದೊಡ್ಡವನು.

೧೪ ಏಪ್ರಿಲ್, ಭಾನುವಾರ

ವರ್ಷದೊಡಕು. ನಿನ್ನೆ ಬೇವು ಬೆಲ್ಲ, ಇವತ್ತು ಬಾಡೂಟ. ನಾನು ಮುಟ್ಟುವುದಿಲ್ಲ, ಇವರಿಗೆ ಮಾತ್ರ ಮಾಡಿ ಹಾಕಿದೆ. ಇವತ್ತಿನ ದಿನ ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮವ್ವ ಜಗಳಕ್ಕೂ ಬಿಡುತ್ತಿರಲಿಲ್ಲ, ಅಳುವುದಕ್ಕೂ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಅನುಶ್ರೀ ಬಂದು ನಾನು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕಡೆ ಕೂತಳು.

"ದೊಡ್ಡವ್ವ, ನಾನು ಉಟ್ದಾಗ ನೀನಿದ್ದಾ?"

"ಇಲ್ದೆ? ನಾನೇ ಅಲ್ವಾ ಎತ್ಕಂಡಿದ್ದು!"

"ಅವ್ವಂಗೆ ಬಾಳ ನೋವಾಯ್ತಾ?"

"ಮೂರು ದಿವ್ಸ ಕಣವ್ವ. ಅದೇನ್ ನೋವು ತಿಂದ್ಳೋ ನಿಮ್ಮವ್ವ! ನಿಂದು ದೊಡ್ಡ ತಲೆ ನೋಡು" ಎಂದು ತಮಾಷೆ ಮಾಡಿದೆ.

ನಗಲಿಲ್ಲ. ನಾಲ್ಕೈದು ಮೆಣಸಿನಕಾಯಿಯ ತೊಟ್ಟು ಬಿಡಿಸಿ ಎದ್ದು ಹೋದಳು. ಮದುವೆಯಾಗಿ ಹೋಗುವ ಹುಡುಗಿ, ಹೆರಿಗೆಯ ಹೆದರಿಕೆ ಈಗಲೇ ಹತ್ತಿದೆ ಎಂದುಕೊಂಡೆ.

೧೯ ಏಪ್ರಿಲ್, ಶುಕ್ರವಾರ

ಗಂಗಾಧರಯ್ಯನವರು ಬಂದಿದ್ದರು. ಒಬ್ಬರೇ. ಜಗಲಿ ಬಿಟ್ಟು ಒಳಗೆ ಬರಲಿಲ್ಲ, ನೀರೂ ಮುಟ್ಟಲಿಲ್ಲ.

"ಪುಟ್ತಾಯಮ್ಮಾರೆ, ಈ ಸಂಬಂದ ಬ್ಯಾಡ ನಮ್ಗೆ."

"ಯಾಕಣ್ಣಾರೆ? ಏನಾರ ಮಾತು ಬಂತಾ?"

"ಯಾರೂ ಆಡ್ಲಿಲ್ಲ. ನಾನೇ ಓದ್ದೆ. ನಮ್ಮೂರ್ ಕಂಪ್ಯೂಟರ್ ನೋಡ್ಕಳಾದು ನಮ್ ಬಾಮೈದ. ಭಾವ, ಒಂದ್ಸಲ ನೋಡು ಬಾ ಅಂದ. ನೋಡ್ದೆ. ಸಾಕುಮಗಳು, ಬೆಡಗು ಗೊತ್ತಿಲ್ಲ, ಅಂತ ಬರ್ದದೆ ಷರಾದಲ್ಲಿ."

ಅವರು ಮುಟ್ಟದ ನೀರಿನ ಚೊಂಬನ್ನು ನನ್ನ ಕಡೆಗೆ ಎಳೆದುಕೊಂಡೆ.

"ಸಾಕಿದ್ದು ತಪ್ಪಂತ ನಾನ್ ಅನ್ನಾಕಿಲ್ಲ. ಬೆಡಗು ಗೊತ್ತಿಲ್ದ ಎಣ್ಣ ಎಂಗಮ್ಮ ತರಾದು? ನಮ್ದೇ ಬೆಡಗಾಗಿದ್ರೆ? ಅಣ್ತಂಗೀರ್ನ ಕೂಡಿಸ್ದಂಗಾಗಾಕಿಲ್ವ? ಅದಿರ್ಲಿ, ನೀವು ಗೊತ್ತಿದ್ದೂ ನಮ್ ಮನೇಲಿ ಕುಂತು ಉಣ್ಣುವಾಗ ಒಂದ್ ಮಾತು ಅನ್ಲಿಲ್ವಲ್ಲ. ದೇವ್ರ ಸತ್ಯದ ಎಂಗ್ಸು ಅಂತಿದ್ರು ನಿಮ್ಮ."

ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮೋಹನ. ಮೋಹನನೇ. ಬರೆಯುವುದಿಲ್ಲ ಎಂದ ಬಾಯಿ ಅದು. ಪಕ್ಕದ ಮನೆಗೆ ಹೋಗಿ ಹಾಸನಕ್ಕೆ ಫೋನು ಮಾಡಿದೆ.

"ಯಾಕ್ಲಾ ಇಂಗ್ ಮಾಡ್ದೆ? ನಿನ್ ಕೈಗೆ ತುತ್ತಿಟ್ಟು ಬೆಳೆಸಿದ್ದಕ್ಕೆ ಇದಾ?"

"ಅತ್ತೆ, ಸಮಾಧಾನ. ಷರಾ ಅಂತ ಖಾನೆ ಮಾಡಿದ್ಮೇಲೆ ಖಾಲಿ ಬಿಟ್ರೆ ಕಮಿಟಿಯೋರು ಕೇಳ್ತಾರೆ. ಗುಟ್ಟಾಗಿರ್ತದೆ ಅಂದ್ಕಂಡಿದ್ದೆ, ಕೀಲಿಪದ ಹಾಕಿದ್ವಿ. ಅವರವರೇ ಹೇಳ್ಕಂಡಿದ್ರೆ ನಾನೇನ್ ಮಾಡ್ಲಿ? ಸುಳ್ಳಂತೂ ಬರ್ದಿಲ್ವಲ್ಲ?"

ಸುಳ್ಳು ಬರೆದಿಲ್ಲವಂತೆ. ಫೋನು ಇಟ್ಟೆ. ಮನೆಗೆ ಬಂದೆ. ಇವರು "ಏನಾಯ್ತೇ?" ಎಂದರು. ಹೊಟ್ಟೆನೋವು ಎಂದೆ.

೨೦ ಏಪ್ರಿಲ್, ಶನಿವಾರ

ರಾತ್ರಿ ಒಂದು ಯೋಚನೆ ಬಂತು, ಬೆಳಿಗ್ಗೆ ಮೊದಲ ಬಸ್ಸಿಗೇ ಅರಕಲಗೂಡಿಗೆ ಹೋದೆ. ಲಕ್ಕಿಗೆ ಇನ್ನೂ ಗೊತ್ತಿಲ್ಲ, ಅನುಶ್ರೀಗೂ ಗೊತ್ತಿಲ್ಲ. ಷರಾ ಕೀಲಿಪದ ಇಲ್ಲದೆ ಕಾಣುವುದಿಲ್ಲ, ಅವಳ ಹತ್ತಿರ ಕೀಲಿಪದ ಇರಲಾರದು. ಆದರೂ ಯಾವತ್ತಾದರೂ ಕಣ್ಣಿಗೆ ಬಿದ್ದರೆ?

ಸಂಘದ ಕೋಣೆಯಲ್ಲಿ ಅವಳು ನನಗೆ ಕಾಫಿ ತರಲು ಹೋಟೆಲಿಗೆ ಹೋದಳು. ಅಕ್ಷರ ಒತ್ತುವ ಹಲಗೆಯ ತಂತಿ ಕಿತ್ತು, ಹಲಗೆಯನ್ನು ಬ್ಯಾಗಿಗೆ ಹಾಕಿಕೊಂಡು, ಕಾಫಿ ಕುಡಿಯದೆ ಬಂದುಬಿಟ್ಟೆ. ಕೈಯಿಲ್ಲದೆ ಬಾಯಿ ಆಡುವುದು ಹೇಗೆ? ದೇವರ ಗೂಡಿನಲ್ಲಿ, ಪುಸ್ತಕಗಳಿದ್ದ ಜಾಗದಲ್ಲೇ ಇಟ್ಟಿದ್ದೇನೆ. ಐವತ್ತು ವರ್ಷಕ್ಕೆ ಕಳ್ಳಿಯಾದೆ. ಸ್ವಾಮಿ, ನೀನು ನೋಡುತ್ತಿದ್ದೀಯಲ್ಲ, ಯಾರಿಂದ ಆದೆ ಎಂದು.

೨೧ ಏಪ್ರಿಲ್, ಭಾನುವಾರ, ರಾಮನವಮಿ

ಅನುಶ್ರೀ ಹುಡುಕಿಕೊಂಡು ಬಂದಳು. ಬಯ್ಯಲಿಲ್ಲ. "ಕೀಬೋರ್ಡ್ ಕೊಡು ದೊಡ್ಡವ್ವ" ಎಂದಳು.

"ಎಲ್ಲಿ ಅದೆ? ನಂಗೇನ್ ಗೊತ್ತು?"

"ಸ್ವಾಮಿ ಮುಂದೆ ಕುಂಕುಮ ಅಂಟ್ಕಂಡು ಕುಂತದೆ, ಕಾಣ್ತಾ ಐತೆ."

ಕೊಟ್ಟೆ. ಸೆರಗಿನಿಂದ ಕುಂಕುಮ ಒರೆಸಿದಳು. "ಅವತ್ತೇ ಏಳಿದ್ನಲ್ಲ. ಇದು ಬರಿ ಕಿಟಕಿ. ನೀನು ಕಿಟಕಿ ಮುಚ್ಚಿದ್ರೆ ಮನೆ ಸುಟ್ಟೋಗಾದು ನಿಲ್ತದಾ? ನರಸೀಪುರದ ಕಿಟಕಿ ತೆಗ್ದದೆ, ಚನ್ರಾಯಪಟ್ನದ್ದು ತೆಗ್ದದೆ."

ಯಾವ ಮನೆ, ಯಾತಕ್ಕೆ ಸುಡುತ್ತದೆ ಎಂದು ನಾನು ಕೇಳಲಿಲ್ಲ. ಪಾನಕ ಕೊಟ್ಟೆ. ಲೋಟವನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ಹೊರಡುವಾಗ ತುಂಬಿದ ಲೋಟವನ್ನೇ ಹೊಸಿಲ ಪಕ್ಕ ಇಟ್ಟು ಹೋದಳು. ಬೇಲದ ಹಣ್ಣಿನ ಪಾನಕ ಅವಳಿಗೆ ಪ್ರಾಣ.

೨೫ ಏಪ್ರಿಲ್, ಗುರುವಾರ

ಹಾಸನ. ಮೋಹನನ ಮನೆಗೆ ಹೋಗಲಿಲ್ಲ, ನೇರ ಸಂಘದ ಆಫೀಸಿಗೇ. ಅವನು ಎದ್ದು ಕುರ್ಚಿ ಕೊಟ್ಟ. ಕೂರಲಿಲ್ಲ.

"ಅಳಿಸು" ಎಂದೆ.

ಅಳಿಸಿದ. ಒಂದು ಗುಂಡಿ, ಅಷ್ಟೆ. ಮೂರು ಊರಿನಲ್ಲೂ ಒಟ್ಟಿಗೇ ಅಳಿಸಿಹೋಯಿತಂತೆ. ಮಿಕ್ಕ ಚುಕ್ಕೆ, ಗೆರೆ, ಅರ್ಧಚಂದ್ರದ್ದನ್ನೂ ಅಳಿಸು ಎಂದೆ. ಮುಖ ಸಣ್ಣದು ಮಾಡಿಕೊಂಡು ಅದನ್ನೂ ಅಳಿಸುತ್ತೇನೆ ಎಂದ. ಪುಸ್ತಕಗಳನ್ನು ಬ್ಯಾಗಿಗೆ ಹಾಕಿಕೊಟ್ಟ.

"ಅತ್ತೆ, ಊಟ ಮಾಡ್ಕಂಡು ಹೋಗಿ. ಅವಳು ಮುದ್ದೆ ಮಾಡವಳೆ."

"ನಿನ್ ಮನೇಲಿ ಇನ್ನು ನನ್ ಕೈ ತೊಳೆಯಾಕಿಲ್ಲ ಕಣ್ಲಾ."

ಅವನ ಕಣ್ಣಲ್ಲಿ ನೀರು ಬಂತು. ಬರಲಿ. ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನನಗೂ ಬಂತು, ಅದು ಬೇರೆ. ಹಾವಿಗೆ ಹಾಲೆರೆದೆ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಕಂಪ್ಯೂಟರಿನಲ್ಲಿ ಅಳಿಸಿದ್ದು ಮೂರು ಊರಿನಲ್ಲೂ ಅಳಿಯಿತು. ಗಂಗಾಧರಯ್ಯನವರ ಬಾಮೈದನ ಬಾಯಿ ಹಾಸನದಲ್ಲಿಲ್ಲ.

೨೮ ಏಪ್ರಿಲ್, ಭಾನುವಾರ

ನಲ್ಲಿಯ ಹತ್ತಿರ ಮಾತಾಡುತ್ತಿದ್ದವರು ನಾನು ಬಂದ ಕೂಡಲೇ ಬಿಂದಿಗೆ ಎತ್ತಿಕೊಂಡರು. ಪುಟ್ಟಸ್ವಾಮಿಯ ಹೆಂಡತಿ ಮಾತ್ರ ನಿಂತಳು. "ನಮ್ ಮಗೀಗೂ ಏನಾರ ಗುರ್ತು ಆಕಿದ್ಯೇನಕ್ಕ ನಿನ್ ಪುಸ್ತಕದಾಗೆ?" ಎಂದಳು. ಇಲ್ಲ ಎಂದೆ.

ಹಾಕಿದ್ದೇನೆ. ಎರಡು ಗೆರೆ.

೫ ಮೇ, ಭಾನುವಾರ

ಲಕ್ಕಿ ಬಂದಳು. ಬಂದು ಕಣಜದ ಪಕ್ಕ ನಿಂತಳು, ಕೂರಲಿಲ್ಲ. ಹಳೇ ಸೀರೆ ಉಟ್ಟಿದ್ದಳು, ತಲೆ ಬಾಚಿರಲಿಲ್ಲ. ಊರಿನ ಬಾಯಿಂದ ಎಲ್ಲ ಕಿವಿಗೆ ಬಿದ್ದಿದೆ.

"ಎಲ್ಲಾ ಆ ಮೋನ ಮಾಡಿದ್ದು ಲಕ್ಕಿ. ಬರೀಬ್ಯಾಡ ಅಂದಿದ್ದೆ. ನಂಬಿಸಿ ಕುತ್ಗೆ ಕುಯ್ದ. ನಾನು ಅವ್ನ ಮನೆ ನೀರೂ ಮುಟ್ದೆ ಬಂದಿವ್ನಿ" ಎಂದೆ.

"ಪುಟ್ಟಿ, ಒಂದು ಕೇಳ್ತೀನಿ."

"ಕೇಳು."

"ಗುಡಿ ಒಳಗೆ ಕರ್ಪೂರ ಅಚ್ಚಿದಾಗ ನಾವಿದ್ದಿದ್ದು ಎಷ್ಟು ಜನ?"

"ಇಬ್ರು."

"ಅವ್ನಿದ್ನಾ?"

"ಅವ್ನಿಗಾಗ ಎಂಟೋ ಒಂಬತ್ತೋ ವರ್ಸ. ಅವ್ನೆಂಗಿರ್ತಾನೆ ಅಲ್ಲಿ?"

"ಅಂಗಾರೆ ಅವ್ನಿಗೆ ಯಾರೇಳಿದ್ದು?"

ಹೊರಗೆ ಇವರು ಕೆಮ್ಮಿದರು.

"ನಿಂದೂ ಸಾಕಿದ್ದೇ, ನಂದೂ ಸಾಕಿದ್ದೇ," ಎಂದಳು. "ನಿನ್ ಮಗೀನ ಸಾಕಿದ್ದು ಅಂತ ಊರೆಲ್ಲಾ ಒಗಳ್ತು. ನನ್ ಮಗೀನ ಮುಚ್ಚಿಟ್ಕಂಡು ಸಾಕ್ದೆ, ಎಣ್ಣು ಅಲ್ವಾ, ನಾಳೆ ಒಂದ್ ಮನೆಗೆ ಓಗ್ಬೇಕು ಅಂತ. ನಿನ್ ಮಗನ್ಗೆ ರೊಟ್ಟಿ ಜೊತೆ ನಂಚ್ಕಳಕ್ಕೆ ನನ್ ಮಗಳು ಬೇಕಾಗಿತ್ತಾ?"

ಹೋದಳು. ಲಕ್ಕಿ ಹಾಗೆಲ್ಲ ಮಾತಾಡುವವಳಲ್ಲ. ಸಂಕಟಕ್ಕೆ ಆಡಿದ್ದಾಳೆ, ಮನಸ್ಸಿಗೆ ಹಚ್ಚಿಕೊಳ್ಳಬಾರದು. ರೊಟ್ಟಿಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತು? ಮೋಹನನೇ ಹೇಳಿರಬೇಕು. ಅಲ್ಲೂ ನನ್ನ ಮೇಲೇ ಹಾಕಿದ್ದಾನೆ.

೭ ಮೇ, ಮಂಗಳವಾರ

ತಲೆನೋವು.

೯ ಮೇ, ಗುರುವಾರ

ದೀಪ ಹಚ್ಚಿದೆ. ಸ್ವಾಮಿಯ ಪಟದ ಮುಂದೆ ಕೂತು ಮೋಹನನಿಗೆ ಒಳ್ಳೆಯ ಬುದ್ಧಿ ಕೊಡು ಎಂದು ಬೇಡಲು ಹೋದೆ. ಕರ್ಪೂರ ಹಚ್ಚಲಿಲ್ಲ, ಡಬ್ಬಿ ತೆಗೆದು ಹಾಗೇ ಮುಚ್ಚಿದೆ.

ಇವರು ಊಟಕ್ಕೆ ಕೂತಾಗ ಕೇಳಿದರು, "ಮೋನನ್ ಮನೆ ತುಪ್ಪದ ಡಬ್ಬಿ ವಾಪಸ್ ಬಂತಾ?" ಬಂದಿಲ್ಲ ಎಂದೆ.

೧೫ ಮೇ, ಬುಧವಾರ, ಅಕ್ಷಯ ತದಿಗೆ

ಇವತ್ತು ವೀಳ್ಯ ಆಗಬೇಕಿತ್ತು.

ಬೆಳಿಗ್ಗೆ ಹತ್ತರ ಹೊತ್ತಿಗೆ ಅನುಶ್ರೀ ಬಂದಳು. ಸ್ನಾನ ಮಾಡಿ, ಹೂ ಮುಡಿದು, ಮನೆಯಲ್ಲಿ ಏನೋ ಶುಭ ಇರುವ ಹಾಗೆ. ಲಕ್ಕಿ ಕಳಿಸಿದಳೋ ಎಂದು ಆಸೆಯಾಯಿತು.

"ನಾಕನೇ ಪುಸ್ತಕ ತಗಿ ದೊಡ್ಡವ್ವ."

"ಯಾಕವ್ವ?"

"ತಗಿ."

ತೆಗೆದೆ. ತಾನೇ ಹಾಳೆ ತಿರುವಿ ತನ್ನ ಹೆಸರು ಹುಡುಕಿದಳು. ತೊಟ್ಟಿಲಿನ ಮೇಲೆ ಬೆರಳಿಟ್ಟಳು. ಎರಡು ಬಾಗಿದ ಗೆರೆ, ಮೇಲೊಂದು ಕೊಕ್ಕೆ.

"ಚೆನ್ನಾಗಿ ಬರ್ದಿದ್ದೀಯ" ಎಂದಳು.

"ನಿಂಗೆ ಯಾವಾಗ…"

"ಪೆಬ್ರವರಿಯಿಂದ ಗೊತ್ತು. ಪೂಜೆ ಆಯ್ತಲ್ಲ, ಮಾರನೇ ದಿವ್ಸಾನೆ. ಎಲ್ರ ಹೆಸ್ರೂ ನೋಡಾಳು ನಾನು, ನಂದು ನೋಡ್ಕಳ್ದೆ ಇರ್ತೀನಾ? ಆ ಕೀಲಿಪದ ಮೋಹನಣ್ಣನ ಮಗಳ ಹೆಸ್ರು, ಯಾರಿಗೆ ಗೊತ್ತಾಗಾಕಿಲ್ಲ?"

ಫೆಬ್ರವರಿ, ಮಾರ್ಚ್, ಏಪ್ರಿಲ್. ಅಷ್ಟು ದಿನ ಈ ಮಗು ನನ್ನ ಮನೆಗೆ ಬಂದು ಹೋಗಿ ಮಾಡಿದೆ.

"ರಂಗಸ್ವಾಮಿಗೆ ನಾನೇ ಏಳ್ದೆ, ನೋಡಾಕ್ ಬಂದಿದ್ ದಿವ್ಸ ಜಗ್ಲಿ ಮ್ಯಾಲೆ. ಪರವಾಗಿಲ್ಲ ಅಂದ. ಅವ್ರಪ್ಪ ಬ್ಯಾಡ ಅಂದ್ಮೇಲೆ ಅವನ್ಗೆ ಬಾಯೇ ಬರ್ಲಿಲ್ಲ. ಓಗ್ಲಿ ಬುಡು, ಅವ್ನು ಒರಗಿನೋನು. ನಿನ್ನ ಕೇಳ್ದೆ ದೊಡ್ಡವ್ವ. ವರ್ಸದೊಡಕಿನ ದಿವ್ಸ ಮೆಣ್ಸಿನ್ಕಾಯಿ ಮುಂದೆ ಕುಂತು ಕೇಳ್ದೆ. ಆಗ್ಲಾದ್ರೂ ಏಳ್ತೀಯ ಅಂತ. ಮೂರು ದಿವ್ಸ ನೋವು ಅಂದೆ. ದೊಡ್ಡ ತಲೆ ಅಂದೆ."

"ನಿಮ್ಮವ್ವಂಗೆ ಆಣೆ ಮಾಡಿದ್ದೆ ಕಣವ್ವ, ಅದ್ಕೆ…"

"ಆಣೆ ಯಾರ್ಗೆ ಮುರ್ದೆ, ಯಾರ್ಗೆ ಮುರೀಲಿಲ್ಲ ನೋಡು."

ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಅದು ನನ್ನ ಮನೆ, ಹೋಗುವುದೆಲ್ಲಿಗೆ?

"ನನ್ನ ಹೆತ್ತೋಳ ಹೆಸ್ರೇನು?" ಎಂದಳು.

ಗೊತ್ತಿಲ್ಲ. ಆ ತೋಟದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು, ಮುಖದ ಮೇಲೆ ಬಟ್ಟೆ. ಕೂಸನ್ನು ನೋಡಿದೆವು, ಕೈಕಾಲು ಎಣಿಸಿದೆವು. ಅವಳ ಹೆಸರು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹಾಗೇ ಹೇಳಿದೆ.

"ಅದು ಯಾವ ಪುಸ್ತಕದಾಗೂ ಇಲ್ಲ ಅನ್ನು. ಮುಚ್ಚಾದ್ನ ಬರ್ದೆ, ಬರ್ಯಾದ್ನ ಬುಟ್ಟೆ."

ಆಮೇಲೆ ಬ್ಯಾಗಿನಿಂದ ರಬ್ಬರು ತೆಗೆದು ಕೊಟ್ಟಳು. ತೊಟ್ಟಿಲು ಅಳಿಸು ಎಂದಳು. ಅಳಿಸಿದೆ. ಇಪ್ಪತ್ತೆರ… ಅಲ್ಲ, ಬರೆದು ಮೂರು ವರ್ಷವಾಗಿರಬಹುದು, ಆದರೂ ಅಚ್ಚು ಹೋಗಲಿಲ್ಲ, ಹಾಳೆ ಜುಂಗೆದ್ದಿತು. ತನ್ನ ಪೆನ್ನು ಕೈಗಿಟ್ಟಳು. "ಈಗ ಬರಿ. ಪೆನ್ನಾಗೆ."

"ಏನಂತ?"

"ಲಕ್ಕಮ್ಮನ ಸಾಕುಮಗಳು. ಹೆತ್ತವಳ ಹೆಸರು ಕೇಳಿಲ್ಲ. ಬೆಡಗು ಗೊತ್ತಿಲ್ಲ. ಇಷ್ಟೇಯ. ತಿಳ್ಕಂಡು ಬರಾನು ಬರ್ಲಿ, ಇಲ್ದಿದ್ರೆ ಬ್ಯಾಡ."

ಬರೆದೆ. ಮುತ್ತು ಪೋಣಿಸಿದ ಅಕ್ಷರವೇನೂ ಆಗಲಿಲ್ಲ. ಓದಿ ನೋಡಿ ತಲೆಯಾಡಿಸಿದಳು.

"ನಾಳೆ ನಾನೇ ಕಂಪ್ಯೂಟರಿಗೆ ಆಕ್ತೀನಿ. ಕೆಳ್ಗೆ ನಿನ್ ಹೆಸ್ರು ಇರಾಕಿಲ್ಲ. ತಗ್ದು ನಂದು ಆಕ್ತೀನಿ. ಮಾಹಿತಿ ನೀಡಿದವರು, ಅನುಶ್ರೀ."

"ಲಕ್ಕಿ ಒಪ್ಪಿದ್ಳಾ?"

"ಅವ್ವ ಅತ್ಲು. ಆಮ್ಯಾಕೆ ಹೂ ಮುಡ್ಸಿ ಕಳ್ಸಿದ್ಳು."

ಹೊಸಿಲು ದಾಟುವಾಗ ಪಾನಕ ಮಾಡಲೇ, ಎಂದೆ. ಬಸ್ಸಿಗೆ ಹೊತ್ತಾಯ್ತು ಎಂದಳು.

೧೬ ಮೇ, ಗುರುವಾರ

ಬೆಳಿಗ್ಗೆ ಈ ಡೈರಿಯನ್ನು ಮೊದಲಿನಿಂದ ಓದಿದೆ. ಜನವರಿ ಇಪ್ಪತ್ತರ ಹಾಳೆಯನ್ನು ಎರಡು ಸಲ. ರಬ್ಬರು ಅನುಶ್ರೀ ಇಲ್ಲೇ ಬಿಟ್ಟು ಹೋಗಿದ್ದಾಳೆ. ಕೈಗೆತ್ತಿಕೊಂಡು ಕೆಳಗಿಟ್ಟೆ. ಇವರ ಅಂಗಿಯ ಜೇಬಿನಿಂದ ಪೆನ್ನು ತೆಗೆದುಕೊಂಡು, ಆ ಒಂದು ಸಾಲನ್ನು ಇಲ್ಲಿ ಎತ್ತಿ ಬರೆಯುತ್ತಿದ್ದೇನೆ.

ಅವನು ಕೇಳಿದ. ನಾನು ಹೇಳಿದೆ.

ಮಾಹಿತಿ ನೀಡಿದವರು: ಪುಟ್ಟತಾಯಮ್ಮ, ಮಲ್ಲಿಪಟ್ಟಣ.